ಎರಡು ಗಂಟೆಯ ಗುಳಿಗೆ

ನಿಜಾಮ ಸರ್ಕಾರದ ಪಂಚಾಂಗದಂತೆ ಬಹಮನ್ ತಿಂಗಳ ಕೊನೆಯ ಸೋಮವಾರ, ಬೆಳಿಗ್ಗೆ ಐದೂವರೆ ಗಂಟೆ. ಮಸ್ಕಿಯ ನಮ್ಮ ಮನೆಯ ಪಡಸಾಲೆ. ಇದ್ದವರು ಮೂವರು: ನಾನು, ನನ್ನ ಸೊಸೆ ನೀಲಮ್ಮ, ಮಜ್ಜಿಗೆ ಕೇಳಲು ಬಂದಿದ್ದ ಪಕ್ಕದ ಮನೆಯ ಬಳೆಗಾರ್ತಿ ಹುಸೇನಬಿ.

ನೀಲಮ್ಮ ಕಂಬ ಹಿಡಿದು ಕುಳಿತಿದ್ದಳು. ಹಿಂದಿನ ದಿನವೆಲ್ಲ ಅಲ್ಲಿಯೇ ಕುಳಿತು ಹತ್ತಿ ಬಿಡಿಸಿದ್ದಳು. ಭುಜಗಳೆರಡೂ ಕಿವಿಯ ತನಕ ಏರಿದ್ದವು. ಉಸಿರು ಹೇಗೋ ಒಳಗೆ ಹೋಗುತ್ತಿತ್ತು, ಹೊರಗೆ ಬರುವಾಗ ಸಿಳ್ಳೆ ಹಾಕುತ್ತಿತ್ತು.

"ಏ ದಾಯಮ್ಮಾ, ನಿನ್ನ ಸೊಸಿ ಎದ್ಯಾಗ ಯಾರೋ ಪೀಪಿ ಊದಾಕತ್ಯಾರಲ್ಲಬೇ!" ಎಂದು ಹುಸೇನಬಿ ನಕ್ಕಳು. ಹತ್ತಿರ ಬಂದು ಮುಖ ನೋಡಿ ನಗು ನಿಲ್ಲಿಸಿದಳು.

ತುಟಿ ನೀಲಿಗಟ್ಟಿತ್ತು.

ಊರವರು ನನ್ನನ್ನು ದಾಯಮ್ಮ ಎನ್ನುತ್ತಾರೆ. ಲಿಂಗಸೂಗೂರಿನ ದವಾಖಾನೆಯಲ್ಲಿ ಹದಿನೆಂಟು ವರ್ಷ ಹೆರಿಗೆ ಮಾಡಿಸಿದ್ದೇನೆ. ಅಲ್ಲಿ ಎಲ್ಲವೂ ಗಂಟೆಗೆ ನಡೆಯುತ್ತಿತ್ತು. ಐದಕ್ಕೆ ನೆಲ ಒರೆಸುವುದು, ಆರಕ್ಕೆ ಔಷಧಿ, ಏಳಕ್ಕೆ ಹಾಸಿಗೆ ಕೊಡವುವುದು. ಕೆಲಸ ಬಿಟ್ಟು ಮನೆಗೆ ಬಂದ ಮೇಲೂ ಆ ಗಂಟೆ ನನ್ನೊಳಗೆ ನಿಂತಿಲ್ಲ. ಆದರೆ ದಮ್ಮಿನ ರೋಗಿಯನ್ನು ನಾನು ನೋಡಿಕೊಂಡದ್ದಿಲ್ಲ. ಮಗ ಶಂಕರ ಸಿಂಧನೂರಿನ ತಹಶೀಲ್ ಕಚೇರಿಯಲ್ಲಿ ಗುಮಾಸ್ತ. ಶುಕ್ರವಾರದ ರಜೆಗೆ ಗುರುವಾರ ಸಂಜೆ ಬರುವವನು. ಅವನಿಗಾಗಿ ಕಾಯುವಂತಿರಲಿಲ್ಲ. ಮೊದಲ ಬಸ್ಸಿಗೇ ನೀಲಮ್ಮನನ್ನು ಲಿಂಗಸೂಗೂರಿಗೆ ಕರೆದೊಯ್ದೆ.

ಡಾಕ್ಟರ್ ಸಾಹೇಬರು ತೋಳಿಗೆ ಒಂದು ಇಂಜೆಕ್ಷನ್ ಕೊಟ್ಟರು. ಸ್ವಲ್ಪ ಹೊತ್ತಿಗೆ ಅವಳ ಭುಜ ಇಳಿಯಿತು. ಆಮೇಲೆ ಮೂವತ್ತು ಎಫೆಡ್ರಿನ್ ಗುಳಿಗೆಗಳನ್ನು ತಗಡಿನ ಡಬ್ಬಿಯಲ್ಲಿ ಹಾಕಿಸಿ ನನ್ನ ಕೈಗಿಟ್ಟರು.

"ದಾಯಮ್ಮಾ, ದಮ್ಮಿಗೆ ಇದು ಛಲೋ ದವಾ. ಆದ್ರ ದಿಲ್ ಮ್ಯಾಲ ಬೋಜಾ ಬೀಳ್ತದ. ಕೈ ನಡುಗತಾವ, ಎದಿ ಡವಗುಡತದ. ದಮ್ಮು ಎದ್ದಾಗ ಅಷ್ಟ ಒಂದು. ಇಷ್ಟು ಎರಡು ತಿಂಗಳಿಗೆ ಸಾಕು. ನಿಮಗ ಪಲ್ಸ್ ಎಣಿಸೋದು ಹೇಳಿಕೊಡಬೇಕಾಗಿಲ್ಲ."

"ಹೌದ್ರಿ ಸಾಹೇಬ್ರ," ಎಂದೆ.

ಮಾತು ಸರಿಯಾಗಿಯೇ ಕೇಳಿಸಿಕೊಂಡಿದ್ದೆ. ಆದರೂ ಬಸ್ಸು ಮಸ್ಕಿಗೆ ಬರುವಷ್ಟರಲ್ಲಿ ನನ್ನ ತಲೆಯಲ್ಲಿ ಬೇರೆಯೇ ಲೆಕ್ಕ ಕುಳಿತಿತ್ತು. ದಮ್ಮು ಎದ್ದ ಮೇಲೆ ಓಡಾಡುವುದಕ್ಕಿಂತ ಏಳದಂತೆ ತಡೆಯುವುದು ಮೇಲಲ್ಲವೇ? ನನ್ನ ಹದಿನೆಂಟು ವರ್ಷದಲ್ಲಿ ಬೇಕಾದಾಗ ಕೊಡುವ ಔಷಧಿ ಎಂಬುದನ್ನು ನಾನು ಕಂಡಿರಲಿಲ್ಲ. ಗಂಟೆ ಹೊಡೆದಾಗ ಕೊಟ್ಟದ್ದೇ ನನಗೆ ಔಷಧಿ. ಹೀಗೆ ಮರುದಿನದಿಂದ ಆರಕ್ಕೊಂದು, ಎರಡಕ್ಕೊಂದು, ಎಂಟಕ್ಕೊಂದು ಎಂದು ನಾನೇ ಗೊತ್ತು ಮಾಡಿದೆ. ಡಬ್ಬಿಯನ್ನು ನನ್ನ ಟ್ರಂಕಿನಲ್ಲಿಟ್ಟು ಕೀಲಿ ಹಾಕಿದೆ.

ದಿನಾ ಬೆಳಿಗ್ಗೆ ಆರಕ್ಕೆ, ಗುಳಿಗೆಗೆ ಮೊದಲು, ಗಡಿಯಾರ ನೋಡುತ್ತ ಅವಳ ಪಲ್ಸ್ ಎಣಿಸುತ್ತಿದ್ದೆ. ಎಂಬತ್ತು. ಎಂಬತ್ತಾರು. ಎಂಬತ್ತೆರಡು. ದಮ್ಮು ಒಂದು ಸಲವೂ ಏಳಲಿಲ್ಲ. ಹುಸೇನಬಿಯ ಮುಂದೆ ಜಂಬ ಕೊಚ್ಚಿಕೊಂಡದ್ದೂ ಉಂಟು. ನೀಲಮ್ಮನ ರೊಟ್ಟಿಯ ಅಂಚು ಹರಿಯತೊಡಗಿದ್ದನ್ನು ನೋಡಿದೆ. ಬೆಳಗಾಗುವ ಮೊದಲೇ ಎದ್ದು ಸುಮ್ಮನೆ ಕುಳಿತಿರುತ್ತಿದ್ದುದನ್ನೂ ನೋಡಿದೆ. ಹಿಟ್ಟು ಸರಿಯಿಲ್ಲ, ಚಳಿ ಹೆಚ್ಚು ಎಂದುಕೊಂಡೆ.

ಮುಂದಿನ ಮಂಗಳವಾರ ಮಧ್ಯಾಹ್ನ, ಎಳ್ಳಮಾಸಿ ಹಬ್ಬ ಹತ್ತಿರ ಬಂತೆಂದು ಹುಸೇನಬಿ ನೀಲಮ್ಮನಿಗೆ ಹೊಸ ಬಳೆ ಇಡಿಸಲು ಕುಳಿತಳು. ಎರಡು ಗಂಟೆಯ ಗುಳಿಗೆ ಕೊಟ್ಟು ಮುಕ್ಕಾಲು ತಾಸಾಗಿತ್ತು. ಮೊದಲ ಬಳೆ ಒಡೆಯಿತು. ಎರಡನೆಯದೂ ಒಡೆಯಿತು.

"ಕೈ ಸಡಲ ಬಿಡಬೇ ನೀಲವ್ವ."

"ಬಿಟ್ಟೀನಿ ಹುಸೇನಬಿ ನಾನಿ."

ಹುಸೇನಬಿ ಬಳೆ ಕೆಳಗಿಟ್ಟು ಆ ಮುಂಗೈಯನ್ನೇ ಹಿಡಿದು ಕುಳಿತಳು. ನನ್ನ ಕಡೆ ತಿರುಗಿ ಹೇಳಿದಳು: "ಸಣ್ಣಾಕಿ ಇದ್ದಾಗಿಂದ ಹೆಣ್ಮಕ್ಕಳ ಕೈ ಹಿಡದೀನಿ ದಾಯಮ್ಮ. ಹೆದರಿದ ಕೈ ಗೊತ್ತು, ಬಸುರಿ ಕೈ ಗೊತ್ತು. ಇದು ಗುಬ್ಬಿ ಹಿಡದಂಗ ಆಗಾಕತ್ತದ. ನೀ ಎಣಿಸ್ತೀಯಲ್ಲ, ಈಗ ಎಣಿಸು."

ಗಡಿಯಾರ ತಂದು ಎಣಿಸಿದೆ.

ನೂರಾ ಮೂವತ್ತೆರಡು. ನಡುನಡುವೆ ಒಂದೊಂದು ಪೆಟ್ಟು ತಪ್ಪುತ್ತಿತ್ತು.

ಎಂಟು ದಿನ ತಪ್ಪದೆ ಎಣಿಸಿದ್ದೆ, ಆದರೆ ರಾತ್ರಿಯ ಗುಳಿಗೆಯ ಬಿಸಿ ಇಳಿದ ಹೊತ್ತಿನಲ್ಲಿ ಮಾತ್ರ. ಗುಳಿಗೆ ಏನು ಮಾಡುತ್ತಿದೆ ಎಂದು ಗುಳಿಗೆ ಕೆಲಸ ಮಾಡುವ ಹೊತ್ತಿನಲ್ಲಿ ಒಂದು ದಿನವೂ ನೋಡಿರಲಿಲ್ಲ. ಡಬ್ಬಿ ತೆರೆದೆ. ಎರಡು ತಿಂಗಳು ಬರಬೇಕಾದವುಗಳಲ್ಲಿ ಏಳು ಉಳಿದಿದ್ದವು.

"ಎದಿ ಹೀಂಗ ಹಾರೂದು ಎಷ್ಟು ದಿನಾತು?"

"ಮೊದಲ್ನೇ ದಿನದಿಂದ ರೀ ಅತ್ತಿ."

"ಹೇಳಬಾರದೇನ?"

ನೀಲಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ನೀವು ಕೈಯಾಗ ಇಟ್ಟದ್ದನ್ನ ಒಲ್ಲೆ ಅನ್ನೂದು ಹ್ಯಾಂಗ್ರಿ?"

ನಾನು ಡಬ್ಬಿಯ ಮುಚ್ಚಳ ಹಾಕಿದೆ.

ಅಂದಿನಿಂದ ಗುಳಿಗೆ ನಿಲ್ಲಿಸಿದೆ. ಗುರುವಾರದ ಹೊತ್ತಿಗೆ ಕೈ ನಡುಗುವುದು ನಿಂತಿತು. ಸಂಜೆ ಬಂದ ಶಂಕರ ಎಲ್ಲವನ್ನೂ ಕೇಳಿ ಮುಖ ಗಂಟಿಕ್ಕಿದ. "ಹಾಳು ಗುಳಿಗಿ ತಿಪ್ಪಿಗೆ ಒಗಿ ಅವ್ವಾ. ದಮ್ಮಿಗೆ ದತ್ತೂರಿ ಎಲಿ ಹೊಗಿ ಹಾಕೂನು." ನಾನು ಒಗೆಯಲಿಲ್ಲ.

ಶುಕ್ರವಾರ ಬೆಳಿಗ್ಗೆ ದಮ್ಮು ಎದ್ದಿತು. ದವಾಖಾನೆಗೆ ರಜೆ. ಅದೇ ಕಂಬ, ಅದೇ ಸಿಳ್ಳೆ. ಶಂಕರ ಅವಳ ಬೆನ್ನು ನೀವುತ್ತ "ಏನರ ಮಾಡವ್ವಾ" ಎನ್ನುತ್ತಿದ್ದ. ಡಬ್ಬಿ ನನ್ನ ಕೈಯಲ್ಲಿತ್ತು. ಕೊಟ್ಟರೆ ಎದೆ ಹಾರುತ್ತದೆ, ಪೆಟ್ಟು ತಪ್ಪುತ್ತದೆ. ಕೊಡದಿದ್ದರೆ ಉಸಿರು ನಿಲ್ಲುತ್ತದೆ. ಪಲ್ಸ್ ಎಣಿಸಿದರೆ ನೂರಾ ಹದಿನಾಲ್ಕು, ದಮ್ಮಿನಿಂದಲೇ. ಎಷ್ಟೋ ಬಾಣಂತಿಯರ ಪಕ್ಕದಲ್ಲಿ ಗಟ್ಟಿಯಾಗಿ ನಿಂತ ನಾನು ಅಂದು ನನ್ನ ಸೊಸೆಯ ಮುಂದೆ ಏನೂ ತೋಚದೆ ನಿಂತೆ. ಕೊನೆಗೆ ಅವಳ ಮುಂದೆ ಕುಕ್ಕುರುಗಾಲಿನಲ್ಲಿ ಕುಳಿತೆ.

"ನೀಲಾ, ನಿನ್ನ ಎದಿ ನಿನಗ ಗೊತ್ತು. ನೀ ಹೇಳು. ಕೊಡ್ಲೋ ಬ್ಯಾಡೋ?"

ಮಾತಾಡಲು ಅವಳಲ್ಲಿ ಉಸಿರಿರಲಿಲ್ಲ. ತೋರುಬೆರಳನ್ನು ಅರ್ಧಕ್ಕೆ ಮಡಚಿ ತೋರಿಸಿದಳು.

ಅರ್ಧ.

ಚಾಕುವಿನಿಂದ ಸೀಳಿ ಅರ್ಧ ಕೊಟ್ಟೆ. ಅವಳ ಕೈ ಬಿಡದೆ ಕುಳಿತೆ. ಅರ್ಧ ತಾಸು ಏನೂ ಆಗಲಿಲ್ಲ. ಆಮೇಲೆ ಸಿಳ್ಳೆ ಸಣ್ಣದಾಯಿತು. ಪಲ್ಸ್ ನೂರಾ ಇಪ್ಪತ್ತಕ್ಕೆ ಏರಿತು, ಅಲ್ಲಿಯೇ ನಿಂತು, ನಿಧಾನಕ್ಕೆ ಇಳಿಯಿತು. ಒಂದು ಪೆಟ್ಟೂ ತಪ್ಪಲಿಲ್ಲ. ನೀಲಮ್ಮ ನೀರು ಕೇಳಿದಳು. ಶಂಕರ ಗೋಡೆಗೆ ಮುಖ ಮಾಡಿ ಕಣ್ಣೊರೆಸಿಕೊಂಡ.

ಶನಿವಾರ ಶಂಕರನೂ ಸೇರಿ ಮೂವರು ಲಿಂಗಸೂಗೂರಿಗೆ ಹೋದೆವು. ನಡೆದದ್ದನ್ನು ಮುಚ್ಚಿಡದೆ ಹೇಳಿದೆ. ಸಾಹೇಬರು ನೀಲಮ್ಮನ ಎದೆಗೆ ಸ್ಟೆತಾಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು.

"ದಿಲ್‌ಗೆ ಏನೂ ಆಗಿಲ್ಲ," ಎಂದರು. ಆಮೇಲೆ ನನ್ನ ಕಡೆ ನೋಡಿ, "ಯಾ ಅಲ್ಲಾ, ದಾಯಮ್ಮಾ! ನೀವು ದಮ್ಮಿಗೂ ಡ್ಯೂಟಿ ಟೈಂ ಹಾಕೀರಲ್ಲ!" ಎಂದು ತಲೆಯ ಮೇಲೆ ಕೈ ಇಟ್ಟುಕೊಂಡರು. ನೀಲಮ್ಮ ಸೆರಗು ಬಾಯಿಗೆ ಹಿಡಿದು ನಕ್ಕಳು. ಬಯ್ಗುಳಕ್ಕಿಂತ ಅದು ಹೆಚ್ಚು ನಾಟಿತು. ಹಿತವಾಗಿಯೂ ಇತ್ತು.

ಗುಳಿಗೆ ಬಿಟ್ಟು ದತ್ತೂರಿ ಹೊಗೆ ಹಾಕಬಹುದೇ ಎಂದು ಶಂಕರ ಕೇಳಿದ. ಸಾಹೇಬರು ಹೇಳಿದರು: "ಬಿಟ್ಟರ ದಮ್ಮಿನ ಭಯ, ತಿಂದರ ದಿಲ್‌ನ ಭಯ. ದತ್ತೂರಿ ಹೊಗಿ ಅಂತೀರಿ, ಅದೂ ಎದಿ ಓಡಿಸ್ತದ. ಈಕಿಗೆ ಅರ್ಧ ಸಾಕಾತು. ದಮ್ಮು ಎದ್ದಾಗ ಅರ್ಧ, ಕೊಡೂ ಮುಂಚೆ ಎಣಿಸ್ರಿ, ಒಂದು ತಾಸಿನ ಮ್ಯಾಲ ಮತ್ತ ಎಣಿಸ್ರಿ. ಪೆಟ್ಟು ತಪ್ಪಿದ್ರ ಇಲ್ಲಿಗೆ ಬರ್ರಿ. ಹತ್ತಿ ಧೂಳ ದಮ್ಮು ಎಬ್ಬಸ್ತದ, ಹತ್ತಿ ಮುಟ್ಟಿಸಬ್ಯಾಡ್ರಿ."

ಇದಾಗಿ ಐದು ವಾರ. ಎರಡು ಸಲ ದಮ್ಮು ಎದ್ದಿದೆ, ಎರಡು ಅರ್ಧಗಳಲ್ಲಿ ಇಳಿದಿದೆ. ಹತ್ತಿಯ ಕೆಲಸ ಈಗ ನನ್ನದು. ಮುಂದೆಯೂ ದಮ್ಮು ಏಳುತ್ತದೆ, ಮುಂದೆಯೂ ಡಬ್ಬಿ ತೆರೆಯುವಾಗ ನನ್ನ ಎದೆ ಒಮ್ಮೆ ಹಾರುತ್ತದೆ. ಇರಲಿ. ಉಸಿರು ಕೊಟ್ಟ ಗುಳಿಗೆಗೆ ನಾನು ಋಣಿ. ಎರಡು ಬಳೆ ಒಡೆದುಕೊಂಡ ಹುಸೇನಬಿಗೆ ಇನ್ನೂ ಹೆಚ್ಚು.

ಇಂದು ಮಧ್ಯಾಹ್ನ ಗಡಿಯಾರ ಎರಡು ಹೊಡೆಯಿತು. ನೀಲಮ್ಮ ಒಂದೆರಡು ಸಲ ಕೆಮ್ಮಿದ್ದಳು. ಹಳೆಯ ಅಭ್ಯಾಸ, ಟ್ರಂಕು ತೆರೆದು ಡಬ್ಬಿ ಹಿಡಿದು ಅವಳ ಮುಂದೆ ನಿಂತಿದ್ದೆ.

ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಒಲ್ಲೆ ರೀ ಅತ್ತಿ. ಉಸುರು ಛಲೋ ಐತಿ."

ರೊಟ್ಟಿಯ ಅಂಚು ದುಂಡಗಿತ್ತು.

ಡಬ್ಬಿಯನ್ನು ಮತ್ತೆ ಟ್ರಂಕಿಗೆ ಹಾಕಲಿಲ್ಲ. ಒಲೆಯ ಪಕ್ಕದ ಗೂಡನ್ನು ಒರೆಸಿ, ಅವಳ ಕೈಗೆಟಕುವಂತೆ ಅಲ್ಲಿಟ್ಟೆ. ಸಂಜೆ ಉಳಿದ ಹತ್ತಿಯನ್ನು ಚೀಲಕ್ಕೆ ತುಂಬಿ ಹೊರಗೆ ಸಾಗಿಸಿದೆ, ಪಡಸಾಲೆಯನ್ನು ಒದ್ದೆ ಬಟ್ಟೆಯಿಂದ ಎರಡು ಸಲ ಒರೆಸಿದೆ, ಬಟ್ಟೆ ಹಿಂಡಿ ಹಗ್ಗದ ಮೇಲೆ ಹಾಕಿದೆ.