ಬೀಗದ ಊರಿನಲ್ಲಿ ಆಮೆ ಗೆದ್ದದ್ದು

ನಮ್ಮ ಯಜಮಾನರಿಗೆ ಪಾರ್ಶ್ವವಾಯು ಬಡಿದ ಮೇಲೆ ಊರಿಗೆ ಊರೇ ಅವರ ಹತ್ತಿರ ಮೆತ್ತಗೆ ಮಾತಾಡತೊಡಗಿತು. ಕೈಕಾಲು ಬೇಗ ಸರಿಹೋಯಿತು, ದೇವರು ದೊಡ್ಡವನು. ಮಾತು ಮಾತ್ರ ಹೋಗಿತ್ತು. ಮಾತೇ ಅವರ ಆಸ್ತಿ.

ತಮಿಳು ಸೀಮೆಯ ಗೂಡಲೂರಿನಲ್ಲಿ ನಮ್ಮದು ದ್ರಾಕ್ಷಿ ತೋಟ. ಆದರೆ ಅವರ ಮನಸ್ಸು ಚಪ್ಪರದ ಮೇಲಿನ ಆಕಾಶದಲ್ಲಿ. ಭಾನುವಾರ ಸಂಜೆಯಾದರೆ ನಮ್ಮ ಮಹಡಿಯಲ್ಲಿ ರಾಕೆಟ್ ಹುಚ್ಚಿನವರು ಸೇರುತ್ತಿದ್ದರು. ಹತ್ತಿರದ ಬೋಡಿ ಪೇಟೆಯಿಂದ ಏಲಕ್ಕಿ ವ್ಯಾಪಾರಿ ಬರುತ್ತಿದ್ದರು, ಇಲ್ಲಿಯವರೇ ಆದ ನಿವೃತ್ತ ಟೀಚರಮ್ಮ ಬರುತ್ತಿದ್ದರು. ಮೊದಲು ಮೇಲೆ ಹೋದ ನಾಯಿಯ ಹೆಸರೇನು, ನಮ್ಮ ದೇಶದ ಮೊದಲ ರಾಕೆಟ್ಟಿನ ಭಾಗಗಳನ್ನು ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಹೋದದ್ದು ಯಾವ ಕಡಲತೀರದಲ್ಲಿ ಎಂದು ಕೂಗಾಡುತ್ತಿದ್ದರು. ನಾನು ಒಣಶುಂಠಿಯ ಸುಕ್ಕು ಕಾಫಿ, ಪಣಿಯಾರ ಕೊಟ್ಟು ಬರುತ್ತಿದ್ದೆ. ಆಕಾಶ ಮಾಡಿದವನು ಸುಮ್ಮನಿದ್ದಾನೆ, ಇವರು ಅದರ ಹಾಜರಿ ಕೂಗುತ್ತಾರೆ ಎಂದು ನಗುತ್ತಿದ್ದೆ.

ಆ ಕೂಗಾಟವೆಲ್ಲ ತಮಿಳಿನಲ್ಲಿ. ಮನೆಯೊಳಗೆ ನಮ್ಮದು ಕನ್ನಡ. ಎಷ್ಟೋ ತಲೆಮಾರಿನ ಹಿಂದೆ ಈ ಕಣಿವೆಗೆ ಇಳಿದ ನಮ್ಮ ಜನ ಒಲೆಯ ಹತ್ತಿರ ಉಳಿಸಿಕೊಂಡ ಕನ್ನಡ. ಓದು, ಬರಹ, ಸಂತೆ, ರಾಕೆಟ್ಟು ಎಲ್ಲವೂ ತಮಿಳು.

ದಿಂಡಿಗಲ್ಲಿನ ಡಾಕ್ಟರು, "ಈಗ ಎರಡೆರಡು ಭಾಷೆ ಬೇಡ, ಒಂದೇ ಭಾಷೆಯಲ್ಲಿ ಮಾತಾಡಿಸಿ" ಎಂದಿದ್ದರು. ನಾವು ಹಿಂದೆಮುಂದೆ ನೋಡದೆ ತಮಿಳನ್ನು ಆರಿಸಿಕೊಂಡೆವು. ಅವರು ಓದಿದ ಭಾಷೆಯಲ್ಲವೇ? ಟೀಚರಮ್ಮ ದಿನವೂ ಬಂದು ಚಿತ್ರ ತೋರಿಸಿ ಹೇಳಿಕೊಡುತ್ತಿದ್ದರು. ಯಜಮಾನರು ಬಾಯಿ ತೆರೆಯುತ್ತಿದ್ದರು, ಮುಖ ಕೆಂಪಾಗುತ್ತಿತ್ತು, ಮತ್ತೆ ಗೋಡೆಯ ಕಡೆ ತಿರುಗುತ್ತಿದ್ದರು. ಒಲೆಯ ಮುಂದೆ ನಿಂತಾಗಲೂ ನಾನು ಅವರೊಡನೆ ತಮಿಳನ್ನೇ ಆಡುತ್ತಿದ್ದೆ. ನನಗೇ ನಾನು ಪಕ್ಕದ ಮನೆಯವಳಂತೆ ಕೇಳಿಸುತ್ತಿದ್ದೆ.

ಪೊಂಗಲ್ ಬಂತು. ಪಕ್ಕದ ಕಂಬ ಎನ್ನುವ ಊರಿನಲ್ಲಿ ನಮ್ಮ ಜನ ದೇವರಿಗೆಂದು ಸಾಕುವ ಹಸುಗಳ ಹಿಂಡು ಇದೆ. ಅವಕ್ಕೆ ನೊಗ ಹೂಡುವುದಿಲ್ಲ, ಹಾಲು ಮಾರುವುದಿಲ್ಲ. ದನಗಳ ಹಬ್ಬವಾದ ಮಾಟ್ಟು ಪೊಂಗಲಿನ ದಿನ ಕಬ್ಬು ತಿನ್ನಿಸಿ ಕೈಮುಗಿದು ಬರುತ್ತೇವೆ. ಆ ಹಸುಗಳ ಮುಂದೆ ನಮ್ಮ ಮಾತೇ ಆಡಬೇಕು ಎನ್ನುವುದು ನಮ್ಮ ಮನೆಯ ಕಟ್ಟಳೆ. ಅವಕ್ಕೆ ತಮಿಳು ತಿಳಿಯದು ಎಂದು ನಮ್ಮತ್ತೆ ಗಟ್ಟಿಯಾಗಿ ನಂಬಿದ್ದರು. ಹೀಗಾಗಿ ಅಂದು ನಾನು ಡಾಕ್ಟರ ಮಾತನ್ನು ಬದಿಗಿಟ್ಟು, "ಮಾಮ, ಕಬ್ಬ ಕೊಡಿ. ಅವ್ವ ಕಾಯ್ತಾ ಅವ್ಳೆ" ಎಂದೆ. ನಮ್ಮಲ್ಲಿ ಗಂಡನನ್ನು ಮಾಮ ಎಂದೇ ಕರೆಯುವುದು, ಆ ಹಸುಗಳನ್ನು ಅವ್ವ ಎಂದು.

ಅವರು ಕಬ್ಬು ಚಾಚಿದರು. ಬಿಳಿ ಹಸು ಮೂಸಿ ನೋಡಿತು.

"ತಿನ್ನವ್ವ," ಎಂದರು. "ಸೀ ಅದೆ. ತಿನ್ನು."

ನನ್ನ ಕೈಯಲ್ಲಿದ್ದ ಕಬ್ಬಿನ ಕಟ್ಟು ಜಾರಿ ಬಿತ್ತು. ಇನ್ನೊಂದು ಹಸು ಬಂದು ಅದನ್ನೂ ತಿಂದಿತು. ತಿನ್ನಲಿ!

ಮಾತು ಎಲ್ಲಿಗೂ ಹೋಗಿರಲಿಲ್ಲ. ತಮಿಳಿನ ಮುಂಬಾಗಿಲು ತೆರೆಯುತ್ತಿರಲಿಲ್ಲ, ನಾವೆಲ್ಲ ಅಲ್ಲೇ ನಿಂತು ತಟ್ಟುತ್ತಿದ್ದೆವು, ಅಷ್ಟೆ. ಡಾಕ್ಟರಿಗೆ ಹೇಳಿದಾಗ ಅವರೂ ನಕ್ಕು, "ಯಾವುದು ಮೊದಲು ಬರುತ್ತದೋ ಅದನ್ನೇ ಹಿಡಿಯಿರಿ" ಎಂದರು. ಹಿಡಿದೆವು. ರಾಕೆಟ್ಟಿನ ವಿಷಯವೆಲ್ಲ ಒಂದೊಂದಾಗಿ ಮನೆಮಾತಿನಲ್ಲಿ ಹೊರಬಂತು. ಎರಡು ನೌಕೆ ಬಾನಿನಲ್ಲಿ ಸೇರುವುದನ್ನು ಅವರು "ನೊಗಕ್ಕೆ ಕೂಡಿಸೋದು" ಎಂದರು. ದೋಸೆ ಹುಯ್ಯುತ್ತಾ ನಾನು ಕೇಳಿದೆ. ಕೇಳುವವಳು ನಾನೊಬ್ಬಳೇ, ಹಾಗಾಗಿ ಕಲಿತೆ.

ವರ್ಷಕ್ಕೊಮ್ಮೆ ದಿಂಡಿಗಲ್ಲಿನ ರಾಕೆಟ್ ಹುಚ್ಚಿನ ಗುಂಪಿಗೂ ನಮ್ಮ ಕಣಿವೆಯ ಗುಂಪಿಗೂ ಪ್ರಶ್ನೋತ್ತರದ ಪಂದ್ಯ ನಡೆಯುತ್ತದೆ. ನಮ್ಮ ಕಡೆ ಮುಂದಾಳಿನ ಕುರ್ಚಿ ಯಾವತ್ತೂ ಯಜಮಾನರದ್ದೇ. ಈ ಸಲ ಅವರನ್ನು ಗೌರವದ ಅತಿಥಿಯಾಗಿ ಕೂರಿಸೋಣ ಎಂದು ಅಲ್ಲಿಂದ ಹೇಳಿಕಳಿಸಿದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಅದನ್ನು ಕೇಳಿ ಯಜಮಾನರು ಊಟ ಬಿಟ್ಟು ಎದ್ದರು.

"ಮಾಲೆ ಹಾಕಿ ಮೂಲೇಲಿ ಕೂರಿಸ್ತಾರಾ? ನಾ ಆಡ್ತೀನಿ."

ಆ ಸುದ್ದಿ ತಂದಿದ್ದ ಬೋಡಿಯ ವ್ಯಾಪಾರಿ ನನ್ನ ಕಡೆ ತಿರುಗಿ, "ತಂಗಚ್ಚಿ, ನೀವು ಪಕ್ಕದಲ್ಲಿ ಕೂತು ತಮಿಳಲ್ಲಿ ಹೇಳಬೇಕು" ಎಂದರು. ನಾನು ಒಂದು ಮಾತು ತಪ್ಪಿದರೆ ತಲೆ ತಗ್ಗಿಸಬೇಕಾದವರು ಅವರು. ಇಷ್ಟು ದಿನದ ಮೇಲೆ ತಲೆ ಎತ್ತಿದ್ದರು.

ಪಂದ್ಯ ಬೀಗಕ್ಕೆ ಹೆಸರಾದ ದಿಂಡಿಗಲ್ಲಿನಲ್ಲೇ, ಒಂದು ಕಲ್ಯಾಣ ಮಂಟಪದ ಊಟದ ಹಾಲ್‌ನಲ್ಲಿ. ಎದುರು ಪಕ್ಷದ ಮುಂದಾಳು ಬೀಗದ ಅಂಗಡಿಯವರು, ಯಜಮಾನರ ಹಳೆಯ ಎದುರಾಳಿ. ಗೆದ್ದವರಿಗೆ ಅವರ ಅಂಗಡಿಯ ದೊಡ್ಡ ಹಿತ್ತಾಳೆ ಬೀಗ. ಅದುವರೆಗೆ ಅದು ದಿಂಡಿಗಲ್ ಬಿಟ್ಟು ಕದಲಿದ್ದೇ ಇರಲಿಲ್ಲ.

"ಮನೆಯಮ್ಮ ಹೇಳಿಕೊಟ್ಟುಬಿಟ್ಟರೆ?" ಎಂದು ಯಾರೋ ಕೇಳಿದರು.

"ನನಗೆ ತೊಗರಿಬೇಳೆಗೆ ಎಷ್ಟು ವಿಸಿಲ್ ಅನ್ನುವುದು ಗೊತ್ತು ಸಾರ್. ಅದನ್ನು ಕೇಳಿದರೆ ಹೇಳಿಕೊಡ್ತೇನೆ" ಎಂದೆ. ಹಾಲ್ ನಕ್ಕಿತು. ಮುರುಗನನ್ನು ನೆನೆದು ಕೂತೆ.

ನೊಗದ ಪ್ರಶ್ನೆಯೂ ಬಂತು, ತಮಿಳಿಗೆ ಸರಿಯಾಗಿ ದಾಟಿಸಿದೆ. ಟೀಚರಮ್ಮ ಕೆಲವನ್ನು ಹೇಳಿದರು, ವ್ಯಾಪಾರಿ ಕೆಲವನ್ನು. ಕೊನೆಗೆ ಎರಡೂ ಕಡೆ ಸಮ. ಉಳಿದದ್ದು ಒಂದೇ ಪ್ರಶ್ನೆ: ಭೂಮಿಯ ಜೀವಿಗಳಲ್ಲಿ ಮೊದಲು ಚಂದ್ರನನ್ನು ಸುತ್ತಿ ಬದುಕಿ ಬಂದವರು ಯಾರು?

"ಮೂವರು ಅಮೆರಿಕದವರು!" ಬೀಗದವರು ಮೇಜು ಗುದ್ದಿದರು.

ಯಜಮಾನರು ತಲೆ ಅಲ್ಲಾಡಿಸಿದರು. ಬಾಯಿ ತೆರೆದರು. ಬರಲಿಲ್ಲ. ಎಲ್ಲರ ಮುಖದಲ್ಲೂ ಆ ಮೆತ್ತಗಿನ ಕರುಣೆ ಏಳತೊಡಗಿತು, ನನಗೆ ಅದನ್ನು ಕಂಡರೇ ಭಯ. ನಾನು ಅವರ ಕಿವಿಯ ಹತ್ತಿರ ಬಾಗಿ, "ಹೇಳಿ ಮಾಮ, ಹಸ ಕಾಯ್ತಾ ಅದೆ" ಎಂದೆ.

"ಆಮೆ," ಎಂದರು. "ಎಲ್ಡು ಆಮೆ. ಮನುಸ ಹೋಗೋಕೆ ಮುಂದೆ, ರಷ್ಯಾದೋರು ಕಳಿಸಿದ್ರು. ಹುಳಾನೂ ಇದ್ದೊ, ನೊಣಾನೂ ಇದ್ದೊ. ತಿನ್ನಾಕೆ ಕೊಡ್ಲಿಲ್ಲ ಪಾಪ. ಹಸ್ಕೊಂಡೇ ಸುತ್ತಿ ಬಂದು ನಮ್ಮ ಹಿಂದೂ ಸಮುದ್ರದಾಗೇ ಬಿದ್ದೊ."

ಕಾಯಿಲೆ ಬಂದ ಮೇಲೆ ಅಷ್ಟು ಉದ್ದ ಅವರು ಆಡಿದ್ದು ಅದೇ ಮೊದಲು. ನಾನು ಒಂದನ್ನೂ ಬಿಡದೆ, ಹಸಿವನ್ನೂ ಸೇರಿಸಿ, ತಮಿಳಿನಲ್ಲಿ ಹೇಳಿದೆ.

"ಒಪ್ಪೋದಿಲ್ಲ!" ಬೀಗದವರು ಎದ್ದರು. "ಯಾರು ಅಂತ ಕೇಳಿದ್ದು. ಆಮೆ ಯಾರು ಅನ್ನೋ ಲೆಕ್ಕಕ್ಕೆ ಬರುತ್ತೇನಯ್ಯಾ?"

"ಕೂರ್ಮಾವತಾರಕ್ಕೆ ಕೈ ಮುಗೀತೀಯಲ್ಲ, ಅವಾಗ ಯಾರು?" ಎಂದರು ಯಜಮಾನರು. ಅದನ್ನು ದಾಟಿಸುವಾಗ ನನಗೆ ನಗು ತಡೆಯಲಿಲ್ಲ. ಪ್ರಶ್ನೆ ಕೇಳುವವರು ಉತ್ತರ ಸರಿ ಎಂದರು. ನಮ್ಮ ಕಡೆಯವರ ಚಪ್ಪಾಳೆಗೆ ಪಾತ್ರೆ ತೊಳೆಯುತ್ತಿದ್ದವರೂ ಇಣುಕಿ ನೋಡಿದರು.

ಬೀಗದವರು ಎದುರಿಗೆ ಬಂದು ಸೊಂಟಕ್ಕೆ ಕೈಯಿಟ್ಟು ನಿಂತರು. "ನಿನ್ನ ಬಾಯಿಗೆ ಬೀಗ ಬಿತ್ತು, ಇನ್ನು ನಾನೇ ರಾಜ ಅಂದ್ಕೊಂಡಿದ್ದೆ. ನಮ್ಮೂರ ಬೀಗ ತೆಗೆಯೋದು ಅಷ್ಟು ಸುಲಭ ಅಲ್ಲ. ಯಾರಯ್ಯಾ ತೆಗೆದದ್ದು?"

ಟೀಚರಮ್ಮ ಅವರನ್ನು ತಡೆಯಲು ಮೇಲೆದ್ದರು. ಯಜಮಾನರು ಮಾತ್ರ ಹೊಟ್ಟೆ ಹಿಡಿದು ನಕ್ಕರು, ಮಹಡಿಯಲ್ಲಿ ನಗುತ್ತಿದ್ದ ಹಾಗೆಯೇ. "ಹಸ," ಎಂದರು. ನಾನು ಅದನ್ನೂ ತಮಿಳಿನಲ್ಲಿ ಹೇಳಿದೆ. ಯಾರಿಗೂ ಅರ್ಥವಾಗಲಿಲ್ಲ.

ದೇವರು ಕೊಟ್ಟದ್ದನ್ನು ನಾನು ಆಗಾಗ ಎಣಿಸಿಕೊಳ್ಳುತ್ತೇನೆ. ಅಂದು ಗೆದ್ದದ್ದು ಒಂದು. ಅದಕ್ಕಿಂತ ದೊಡ್ಡದು, ಅಷ್ಟು ದಿನಗಳ ಮೇಲೆ ಒಬ್ಬರು ನನ್ನ ಗಂಡನ ಮೇಲೆ ಗಟ್ಟಿಯಾಗಿ ಕೂಗಿದ್ದು.

ಬೀಗ ಈಗ ದೇವರ ಗೂಡಿನಲ್ಲಿದೆ. ದಿನವೂ ಕುಂಕುಮ ಇಡುತ್ತೇನೆ. ತೆರೆದೇ ಇಟ್ಟಿದ್ದೇನೆ. ಭಾನುವಾರ ಮೇಲಿನಿಂದ ಕೂಗಾಟ ಕೇಳುತ್ತದೆ. ಬೋಡಿಯವರೂ ಟೀಚರಮ್ಮನೂ ಈಗ ಅರೆಬರೆ ಕನ್ನಡದಲ್ಲೇ ಜಗಳಕ್ಕೆ ನಿಲ್ಲುತ್ತಾರೆ. ನಾನು ಪಣಿಯಾರ ಒಯ್ಯುತ್ತೇನೆ, ಆದರೆ ಕೊಟ್ಟು ಬರುವುದಿಲ್ಲ. ನನಗೂ ಅಲ್ಲೊಂದು ಕುರ್ಚಿ ಹಾಕಿದ್ದಾರೆ.