ಹೋದ ರಾಕೆಟ್ಟನ್ನು ಇಳಿಸಿಕೊಳ್ಳುವ ಮಾಪಣ್ಣ

ಕಮಲಾಪುರದ ಪ್ರೌಢಶಾಲೆಯ ಮೈದಾನದಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಪ್ರಯೋಗಾಲಯದ ಅಟೆಂಡರ್ ಮಾಪಣ್ಣ ನೆಲದ ಮೇಲೆ ಕೂತು, ತಂಪು ಪಾನೀಯದ ಖಾಲಿ ಬಾಟಲಿಯೊಂದನ್ನು ಕಿವಿಗೆ ಹಿಡಿದು ಉಗುರಿನಿಂದ ತಟ್ಟುತ್ತಿದ್ದಾರೆ, ಸಂತೆಯಲ್ಲಿ ಗಡಿಗೆ ಕೊಳ್ಳುವವರ ಹಾಗೆ. ಬಾಟಲಿಗೆ ತೊಗರಿ ಕಟ್ಟಿಗೆಯ ನಾಲ್ಕು ಕಾಲು, ತಲೆಗೆ ರಟ್ಟಿನ ಟೊಪ್ಪಿಗೆ, ಅದರೊಳಗೆ ಮಡಿಸಿಟ್ಟ ಪ್ಯಾರಾಚೂಟು. ಇದು ಅವರ ರಾಕೆಟ್ಟು. ನೀರು ತುಂಬಿ ಸೈಕಲ್ ಪಂಪಿನಿಂದ ಗಾಳಿ ಹೊಡೆದರೆ ಮೇಲಕ್ಕೆ ಜಿಗಿಯುತ್ತದೆ, ಇಳಿದು ಬಂದು ಕಾಲೂರುತ್ತದೆ.

ಇವತ್ತು ಇದಕ್ಕೊಂದು ಪರೀಕ್ಷೆಯಿದೆ. ಒಂದು ತಾಸಿನೊಳಗೆ ಇದೇ ರಾಕೆಟ್ಟು ಎರಡು ಸಲ ಹಾರಿ ಇಳಿಯಬೇಕು. ತಪ್ಪಿದರೆ ಶಾಲೆಯಲ್ಲಿ ರಾಕೆಟ್ ಹಾರಿಸುವುದೇ ಬಂದ್ ಎಂದು ಮುಖ್ಯೋಪಾಧ್ಯಾಯ ಅಣವೀರಪ್ಪನವರು ಷರತ್ತು ಹಾಕಿದ್ದಾರೆ.

ಷರತ್ತಿಗೆ ಕಾರಣವಿಲ್ಲದಿಲ್ಲ. ಹಿಂದಿನ ರಾಕೆಟ್ಟು ನಲವತ್ತು ಸಲ ಸುಖವಾಗಿ ಹೋಗಿ ಬಂದಿತ್ತು. ನಲವತ್ತೊಂದನೆಯ ಸಲ ನೋಡಲು ಕಲಬುರಗಿಯಿಂದ ಶಿಕ್ಷಣ ಇಲಾಖೆಯ ಸಾಹೇಬರು ಬರುತ್ತಾರೆಂದು ಮಾಪಣ್ಣನ ಹೆಂಡತಿ ಶೇವಂತಾ ಪ್ಯಾರಾಚೂಟಿಗೆ ಗಂಜಿ ಹಾಕಿ, ಇಸ್ತ್ರಿ ಮಾಡಿ ಕೊಟ್ಟರು. ಮಡಿಕೆಗಳು ಒಂದಕ್ಕೊಂದು ಅಂಟಿಕೊಂಡು ಬಿಚ್ಚಲೇ ಇಲ್ಲ. ರಾಕೆಟ್ಟು ನೆಟ್ಟಗೆ ಬಂದು ಸಾಹೇಬರ ಜೀಪಿನ ಗಾಜಿಗೆ ಬಿತ್ತು.

"ಮಂದಿ ಮುಂದ ಮುದುಡಿದ ಅರಿವಿ ಹ್ಯಾಂಗ ಒಯ್ಯೋದು ಅಂತ ಹಾಕ್ದೆ ನೋಡ್ರಿ" ಎನ್ನುತ್ತಾರೆ ಶೇವಂತಾ, ಈಗಲೂ ನಾಚಿಕೊಂಡು.

ಮಾಪಣ್ಣ ಓದಿದ್ದು ಏಳನೆಯ ತರಗತಿಯ ತನಕ. ಹರೆಯದಲ್ಲಿ ನಂದೂರಿನ ದಾಲ್ ಮಿಲ್ಲಿನಲ್ಲಿ ಚೀಲ ಹೊರುತ್ತಿದ್ದಾಗ, ಕಲಬುರಗಿಯ ಜಗತ್ ಬಡಾವಣೆಯ ರದ್ದಿ ಅಂಗಡಿಯಲ್ಲಿ ಹಳೆಯ ಪತ್ರಿಕೆಯೊಂದು ಕಣ್ಣಿಗೆ ಬಿತ್ತು. ಆಕಾಶಕ್ಕೆ ಹೋಗಿ ಭೂಮಿಯನ್ನು ಸುತ್ತಿ, ವಿಮಾನದಂತೆ ಇಳಿದು, ಮತ್ತೆ ಹೋಗುವ ಅಮೆರಿಕದ ನೌಕೆಯ ಚಿತ್ರವದು. ಅಂದಿನಿಂದ ಸಿಕ್ಕಸಿಕ್ಕ ಮಾಸ್ತರರ ಕೈಯಲ್ಲಿ ಅದರ ಬಗ್ಗೆ ಇಂಗ್ಲಿಷಿನಲ್ಲಿ ಬಂದದ್ದನ್ನೆಲ್ಲ ಓದಿಸಿ ಕೇಳಿದ್ದಾರೆ. 1985ರಲ್ಲಿ ಇಲ್ಲಿ ಅಟೆಂಡರ್ ಆದರು. ದಿನಕ್ಕೆ ಒಂಬತ್ತು ಸಲ ಗಂಟೆ, ಹನ್ನೆರಡು ಕೋಣೆಗಳ ಬೀಗ, ತೊಳೆಯಲು ನೂರಾರು ಪ್ರನಾಳ. ರಾಕೆಟ್ಟು ಶನಿವಾರಕ್ಕೆ ಮಾತ್ರ.

"ಮ್ಯಾಲ ಹೋಗೋದು ಒಂದು ಕೆಲಸ ಆದ್ರ, ಬರೋದು ಹತ್ತು ಕೆಲಸ ನೋಡ್ರಿ" ಎನ್ನುತ್ತಾರೆ. "ಭೂಮಿ ಸುತ್ತಬೇಕಂದ್ರ ಸೆಕೆಂಡಿಗಿ ಎಂಟು ಕಿಲೋಮೀಟರ್ ಓಡಬೇಕು. ಇಲ್ಲಿಂದ ಕಲಬುರಗಿಗಿ ಐದು ಸೆಕೆಂಡ್! ಅಷ್ಟು ಓಟ ಇಳಸಲಾಕ ಬೆನ್ನು ಮುಂದ ಮಾಡಿ ಇಂಜಿನ್ ಹಚ್ತಾರ. ಆಮ್ಯಾಲ ಗಾಳಿ ತಡೀತದ, ಮೈಯೆಲ್ಲ ಕೆಂಡ ಆಗ್ತದ."

ಅವರ ಬಗ್ಗೆ ಬರೆಯಲೆಂದು ಬಂದ ನನಗೆ ಕೇಳುತ್ತ ಮೈ ಜುಮ್ಮೆನ್ನುತ್ತದೆ. ಇಳಿಯಲು ಬೇಕಾದ ರೆಕ್ಕೆ, ಚಕ್ರ, ಇಂಧನ ಎಲ್ಲವನ್ನೂ ಏರುವಾಗಲೇ ಹೊತ್ತೊಯ್ಯಬೇಕು. ಹೊರೆ ಹೆಚ್ಚಿದಷ್ಟೂ ಏರುವುದು ಕಷ್ಟ. ಬೆಂಕಿ ತಡೆಯಲು ಆ ನೌಕೆಯ ಮೈಗೆ ಇಪ್ಪತ್ತು ಸಾವಿರಕ್ಕೂ ಹೆಚ್ಚು ಬಿಲ್ಲೆಗಳನ್ನು ಅಂಟಿಸಿದ್ದಾರೆ, ಪ್ರತಿಯೊಂದಕ್ಕೂ ಬೇರೆ ನಂಬರು. ಪ್ರತಿ ಸಲ ಇಳಿದ ಮೇಲೂ ಅವನ್ನೆಲ್ಲ ಮತ್ತೆ ಪರೀಕ್ಷಿಸಬೇಕು. ಕಳೆದ ತಿಂಗಳು, ಅಂದರೆ 2007ರ ಜನವರಿಯಲ್ಲಿ, ನಮ್ಮ ದೇಶದ ಪುಟ್ಟ ಬಾಹ್ಯಾಕಾಶ ಕೋಶವೊಂದು ಕಕ್ಷೆಯಿಂದ ಮರಳಿ ಬಂಗಾಳ ಕೊಲ್ಲಿಗೆ ಇಳಿದಾಗ ಮಾಪಣ್ಣ ಶಾಲೆಗೆಲ್ಲ ಪೇಢೆ ಹಂಚಿದ್ದರು.

ಏಳು ಗಂಟೆ. ಅಣವೀರಪ್ಪನವರು ಗಡಿಯಾರ ಹಿಡಿದು ನಿಲ್ಲುತ್ತಾರೆ. ಮಾಪಣ್ಣ ನಲವತ್ತು ಸಲ ಪಂಪು ಒತ್ತಿ ದಾರ ಎಳೆಯುತ್ತಾರೆ. ರಾಕೆಟ್ಟು ಬೇವಿನಮರವನ್ನು ದಾಟಿ ಚುಕ್ಕೆಯಾಗುತ್ತದೆ. ಸುತ್ತ ನೆರೆದ ಶಾಲೆಯ ಮಕ್ಕಳು ಕತ್ತೆತ್ತಿ ನೋಡುತ್ತಾರೆ. ಪ್ಯಾರಾಚೂಟು ಫಟ್ಟನೆ ಬಿಚ್ಚಿಕೊಳ್ಳುತ್ತದೆ, ನಾಲ್ಕೂ ಕಾಲು ನೆಲಕ್ಕೆ ತಾಗುತ್ತವೆ. ಚಪ್ಪಾಳೆಯೋ ಚಪ್ಪಾಳೆ! ನಾನೂ ಮಗುವಿನ ಹಾಗೆ ಕುಣಿದುಬಿಡುತ್ತೇನೆ.

ಇನ್ನೊಂದು ಸಲ ಹಾರಿದರೆ ಗೆದ್ದಂತೆ. ಮಾಪಣ್ಣ ಬಾಟಲಿ ಒರೆಸಿ ಮತ್ತೆ ತಟ್ಟುತ್ತಾರೆ. ಒಂದು ಕಡೆ ಕೈ ನಿಲ್ಲುತ್ತದೆ. ಅಲ್ಲೇ ಎರಡು ಮೂರು ಸಲ ತಟ್ಟಿ, ರಾಕೆಟ್ಟನ್ನು ಕೆಳಗಿಡುತ್ತಾರೆ.

"ಇವತ್ತ ಇದು ಹೋಗಂಗಿಲ್ರಿ ಸರ. ಸೀಳ್ಯಾದ."

"ಎಲ್ಲಿ ಸೀಳ್ಯಾದೋ? ನನಗೇನೂ ಕಾಣವಲ್ದು" ಎನ್ನುತ್ತಾರೆ ಅಣವೀರಪ್ಪನವರು. "ಹಾರಸಲಿಲ್ಲಂದ್ರ ನೀ ಸೋತಂಗ. ಷರತ್ತು ನೆಪ್ಪದ ಇಲ್ಲೋ?"

"ನೆಪ್ಪದರಿ. ಗಾಳಿ ತುಂಬಿದಾಗ ಒಡದ್ರ ಚೂರು ಹುಡುಗರ ಕಣ್ಣಿಗಿ ಬೀಳ್ತದ. ಬಂದ್ ಆದ್ರ ಆಗ್ಲಿರಿ."

ಮಾಪಣ್ಣ ಬಾಟಲಿಗೆ ನೀರು ತುಂಬಿ ಗಟ್ಟಿಯಾಗಿ ಒತ್ತುತ್ತಾರೆ. ಕೂದಲೆಳೆಯಂಥ ಗೆರೆಯಿಂದ ಒಂದು ಹನಿ ಹೊರಬರುತ್ತದೆ. ಅಣವೀರಪ್ಪನವರು ಅದನ್ನು ಬೆರಳಿನಿಂದ ಒರೆಸುತ್ತಾರೆ; ಅಲ್ಲೇ ಇನ್ನೊಂದು ಹನಿ ಮೂಡುತ್ತದೆ. ಒಳಗೆ ಹೋಗಿ ಒಂದು ಹಾಳೆಯ ಮೇಲೆ ನಾಲ್ಕು ಸಾಲು ಬರೆದು ತರುತ್ತಾರೆ: ಪ್ರತಿ ಶನಿವಾರ ರಾಕೆಟ್ ಹಾರಿಸಬಹುದು; ಹಾರಿಸುವ ಮೊದಲು ಮಾಪಣ್ಣ ಪರೀಕ್ಷಿಸಿ ಸಹಿ ಮಾಡಿರಬೇಕು.

ಮಾಪಣ್ಣ ಹಾಳೆಯನ್ನು ತಾವು ಓದಿದ ಮೇಲೆ ನನ್ನ ಕೈಯಲ್ಲೂ ಎರಡು ಸಲ ಓದಿಸುತ್ತಾರೆ.

"ಇಪ್ಪತ್ತೆರಡು ವರ್ಷ ಹಾಜರಿ ಬುಕ್ಕಿನಾಗ ಬಂದೀನಿ ಅಂತ ಸಹಿ ಮಾಡೀನ್ರಿ. ಇನ್ನ ರಾಕೆಟ್ ಹೋಗ್ಲಿ ಅಂತ ಮಾಡ್ತೀನಿ."