ಸೀಡಿ ಮಾಮನ ಕುದುರೆ ಸಿನಿಮಾ

ಅವರ ಎಡ ಅಂಗೈಯ ನಡುವೆ ರೂಪಾಯಿ ನಾಣ್ಯದಷ್ಟಗಲ ಚರ್ಮ ಬೆಳ್ಳಗೆ, ನುಣ್ಣಗೆ ಆಗಿತ್ತು. ಠಾಣೆ ಪಟ್ಟಣದ ಉಡುಪಿ ಹೋಟೆಲೊಂದರಲ್ಲಿ ಅಡುಗೆಯವರಾಗಿ ಇಪ್ಪತ್ತು ವರ್ಷ ಬಿಸಿ ಸಾಂಬಾರನ್ನು ಅಂಗೈಗೆ ಸುರಿದುಕೊಂಡು ರುಚಿ ನೋಡಿದ ಗುರುತು ಅದು. ಮೊಣಕಾಲು ಕೈಕೊಟ್ಟ ಮೇಲೆ ಅವರು ಡೊಂಬಿವಲಿಯ ನಮ್ಮ ಬಿಲ್ಡಿಂಗಿನ ಕೆಳಗೆ ಸಿನಿಮಾ ಡಿವಿಡಿಗಳನ್ನು ಬಾಡಿಗೆಗೆ ಕೊಡುವ ಅಂಗಡಿ ಇಟ್ಟರು. ನಮಗೆಲ್ಲ ಅವರು ಸೀಡಿ ಮಾಮ.

ಅಡುಗೆಮನೆ ಬಿಟ್ಟರೂ ಅಲ್ಲಿನ ಕಟ್ಟಳೆ ಬಿಡಲಿಲ್ಲ. "ರುಚಿ ನೋಡದೆ ಬಡಿಸಬಾರದು ಮಾರಾಯ್ತಿ" ಎನ್ನುತ್ತ, ತಾವು ಪೂರ್ತಿ ನೋಡದ ಸಿನಿಮಾವನ್ನು ಯಾರಿಗೂ ಕೊಡುತ್ತಿರಲಿಲ್ಲ. ನೋಡಿದ ಮೇಲೆ ಒಂದು ಚೀಟಿ ಬರೆದು ಡಬ್ಬಿಯೊಳಗೆ ಇಡುತ್ತಿದ್ದರು. "ಮಸಾಲೆ ಜಾಸ್ತಿ, ಮಕ್ಕಳಿಗೆ ಬೇಡ." "ಇಂಟರ್ವಲ್ ತನಕ ಬಿಸಿ, ಆಮೇಲೆ ಹಳಸಿದ್ದು." ಬೇರೆ ಅಂಗಡಿಗೆ ಹೋಗುತ್ತೇವೆ ಎಂದು ಹೆದರಿಸಿದರೆ, "ಹೋಗಿ. ಹೊಟ್ಟೆ ಕೆಟ್ಟರೆ ನನ್ನನ್ನು ಕೇಳ್ಬೇಡಿ" ಎನ್ನುತ್ತಿದ್ದರು.

ನಾನಾಗ ಧಾರವಾಡದಿಂದ ಮದುವೆಯಾಗಿ ಬಂದ ಹೊಸತು. ಗಂಡ ಬೆಳಿಗ್ಗೆ ಏಳರ ಲೋಕಲ್ ಹಿಡಿದರೆ ಇಡೀ ದಿನ ಕಿವಿಗೆ ಕನ್ನಡ ಬೀಳುತ್ತಿರಲಿಲ್ಲ. ಮಾಮನ ಜೊತೆ ನಾಲ್ಕು ಮಾತಾಡಲೆಂದೇ ದಿನಾ ಒಂದು ಡಿವಿಡಿ ಒಯ್ಯುತ್ತಿದ್ದೆ.

ಒಮ್ಮೆ ಇಂಗ್ಲಿಷಿನ ಕುದುರೆ ಸಿನಿಮಾವೊಂದರ ಡಿವಿಡಿ ಹೊಸದಾಗಿ ಬಿಡುಗಡೆಯಾಯಿತು. ಡಬ್ಬಿಯ ಮೇಲೆ ಟೋಪಿ, ಬಂದೂಕು, ಕೆಂಪು ಸೂರ್ಯ. ಹಾಕಿ ನೋಡಿದರೆ ಪೂರ್ತಿ ಕಪ್ಪು-ಬಿಳುಪು. ಟೀವಿ ಕೆಟ್ಟಿತೆಂದು ಮಾಮ ಮೆಕ್ಯಾನಿಕ್‌ನನ್ನು ಕರೆಸಿ ಅದರ ಹೊಟ್ಟೆ ಬಿಚ್ಚಿಸಿದರು. ಟೀವಿ ಗಟ್ಟಿಮುಟ್ಟಾಗಿತ್ತು. ಸಿನಿಮಾವೇ ಹಾಗಿತ್ತು. ನಾಯಕನಿಗೆ ಬಂದೂಕಿದೆ, ಹೊಡೆಯುವುದಿಲ್ಲ. ಕುದುರೆಯಿದೆ, ಹತ್ತುವುದಿಲ್ಲ. ಅದಕ್ಕೆ ವಯಸ್ಸಾಗಿದೆಯೆಂದು ಅದರ ಹಳೆಯ ಯಜಮಾನನ ಮನೆಗೆ ನಡೆಸಿಕೊಂಡು ಹೋಗುತ್ತಾನೆ. ಎರಡು ಗಂಟೆ ಬರೀ ನಡಿಗೆ.

ಮಾಮ ಅದಕ್ಕೆ ಮರುಳಾದರು. ಮೂರು ಸಲ ನೋಡಿದರು. ಒಯ್ದವರೆಲ್ಲ ಅರ್ಧ ಗಂಟೆಯಲ್ಲಿ ತಂದೊಗೆದರು. ನಮ್ಮ ಬಿಲ್ಡಿಂಗಿನ ಸೊಸೈಟಿ ಸೆಕ್ರೆಟರಿಯಂತೂ ಬಣ್ಣ ಎಲ್ಲಿದೆಯೆಂದು ಮೆಟ್ಟಿಲ ಮೇಲಿಂದಲೇ ಮರಾಠಿಯಲ್ಲಿ ಕೇಳಿದರು. "ಅಣ್ಣಾ, ಕಲರ್ ಕುಠೇ ಆಹೆ?"

"ಇಡ್ಲಿ ಮೇ ಕಲರ್ ಹೋತಾ ಹೈ ಕ್ಯಾ ಸಾಬ್? ವಾಪಸ್ ಕರ್ತೇ ಹೋ?" ಬಣ್ಣವಿಲ್ಲವೆಂದು ಇಡ್ಲಿಯನ್ನು ಹಿಂದಿರುಗಿಸುತ್ತೀರಾ ಎಂದು ಮಾಮ ಹಿಂದಿಯಲ್ಲಿ ತಿರುಗಿ ಕೇಳಿದರು.

ಆಮೇಲೆ ನನ್ನೆದುರು ಸಪ್ಪಗಾದರು. "ಒಬ್ಬರಾದ್ರೂ ಕೊನೆ ತನಕ ನೋಡ್ಬೇಕು ಮಾರಾಯ್ತಿ. ಮಾಡಿದ ಅಡಿಗೆ ಹಾಗೇ ಉಳಿದ್ರೆ ಸಂಕಟ ಆಗ್ತದೆ."

ವರ್ಷಕ್ಕೊಮ್ಮೆ ಸೊಸೈಟಿಯ ಸತ್ಯನಾರಾಯಣ ಪೂಜೆಯ ಸಂಜೆ ಕಾಂಪೌಂಡಿನಲ್ಲಿ ಪರದೆ ಕಟ್ಟಿ ಸಿನಿಮಾ ತೋರಿಸುವುದಿತ್ತು. ಆರಿಸುವ ಹಕ್ಕು ಮಾಮನದು. ಆ ವರ್ಷ ಅವರು ಆರಿಸಿದ್ದು ಇದನ್ನೇ. ಕೈಯಲ್ಲಿದ್ದ ಪ್ರಸಾದ ಮುಗಿಯುವಷ್ಟರಲ್ಲಿ ಮೊದಲ ಸಾಲು ಎದ್ದಿತು. ಕುದುರೆ ಮೊದಲ ಗುಡ್ಡ ದಾಟುವಷ್ಟರಲ್ಲಿ ಸೆಕ್ರೆಟರಿಯೂ ಎದ್ದರು. ಕೊನೆಗೆ ಉಳಿದವರು ಪರದೆಯ ಪಕ್ಕ ನಿಂತ ಮಾಮ, ಕುರ್ಚಿಯಲ್ಲಿ ಕೂತ ನಾನು. ಬೆಳಿಗ್ಗೆಯಿಂದ ಪೂಜೆಯ ಅಡುಗೆಗೆ ಕೈಹಾಕಿ ದಣಿದಿದ್ದೆ. ಯಾವಾಗ ನಿದ್ದೆ ಹತ್ತಿತೋ ತಿಳಿಯದು. ಎಚ್ಚರವಾದಾಗ ಪರದೆ ಬೆಳ್ಳಗಿತ್ತು, ಮಾಮ ಎದುರಿಗಿದ್ದರು.

"ಕೊನೆ ಹೇಗಿತ್ತು?"

ಆ ಮುಖ ನೋಡಿ ನಿಜ ಹೇಳಲು ನಾಲಿಗೆ ಹೊರಳಲಿಲ್ಲ. "ಭಾಳ ಚಲೋ ಇತ್ತು ಮಾಮಾ."

"ಕುದುರೆ ಹೊಳೆ ದಾಟಿದ್ದು?"

"ಅದಂತೂ ಕಣ್ಣಾಗ ನೀರು ತಂತು ನೋಡ್ರಿ."

ಅವರು ನನ್ನನ್ನೇ ಒಂದು ಗಳಿಗೆ ನೋಡಿ ಜೋರಾಗಿ ನಕ್ಕರು. ಖುಷಿಗೆ ನಕ್ಕರೆಂದುಕೊಂಡೆ.

ಅಲ್ಲಿಂದ ಮುಂದೆ ಬಂದ ಗಿರಾಕಿಗಳಿಗೆಲ್ಲ, "ಇಡೀ ಬಿಲ್ಡಿಂಗಿನಲ್ಲಿ ರುಚಿ ಗೊತ್ತಿರುವವಳು ಇವಳೊಬ್ಬಳು" ಎಂದು ನನ್ನನ್ನು ತೋರಿಸುತ್ತಿದ್ದರು. ಹೊಳೆಯ ಮಾತು ವರ್ಷಗಟ್ಟಲೆ ನಡೆಯಿತು. ಮಾಮನ ಬಾಯಲ್ಲಿ ಒಂದು ಸಲ ಅಲ್ಲಿ ಮಳೆ ಸುರಿಯಿತು, ಇನ್ನೊಂದು ಸಲ ನೆರೆ ಬಂದು ಕುದುರೆಯ ಕಿವಿ ಮಾತ್ರ ಕಾಣುತ್ತಿತ್ತು. ಎಲ್ಲದಕ್ಕೂ ಹೂಂಗುಟ್ಟಿದೆ. ಒಮ್ಮೆ ಧೈರ್ಯ ಮಾಡಿ, ನಾಯಕನ ಟೋಪಿ ತೇಲಿ ಹೋದದ್ದನ್ನೂ ನಾನೇ ಸೇರಿಸಿದೆ.

"ಹೌದಲ್ಲ, ಟೋಪಿ" ಎಂದು ಮಾಮ ಗಂಭೀರವಾಗಿ ತಲೆಯಾಡಿಸಿದರು.

ಸಿನಿಮಾಗಳು ಫೋನಿಗೇ ಬರತೊಡಗಿದ ಮೇಲೆ ಅಂಗಡಿ ಮುಚ್ಚಿ ಮಗಳ ಮನೆಗೆ, ಕಾಮೋಠೆಗೆ ಹೋದರು. ಅಲ್ಲೇ ತೀರಿಕೊಂಡರು. ಮಾತಾಡಿಸಲು ಹೋದಾಗ ಮಗಳು ಆ ಕುದುರೆ ಸಿನಿಮಾದ ಡಿವಿಡಿ ಡಬ್ಬಿ ತಂದು ಕೈಗಿಟ್ಟಳು. "ನಿಮಗೇ ಕೊಡ್ಬೇಕು ಅಂತ ಹೇಳಿದ್ರು ಅಪ್ಪ."

ಒಳಗೆ ಮಾಮನ ಚೀಟಿಯಿತ್ತು. "ಹೊಳೆಯೇ ಇಲ್ಲ ಮಾರಾಯ್ತಿ. ಇನ್ನಾದರೂ ಎಚ್ಚರವಿದ್ದು ನೋಡು."

ಮೊದಲ ದಿನವೇ ಗೊತ್ತಿತ್ತು ಅವರಿಗೆ. ಗೊತ್ತಿದ್ದೂ ಅಷ್ಟು ವರ್ಷ ನನ್ನ ಮಾನ ಕಾಪಾಡಿದರು, ಮನಸಾರೆ ಆಟವನ್ನೂ ಆಡಿಸಿದರು.

ಕಲ್ಯಾಣದಲ್ಲಿ ಹುಡುಕಿ ಹಳೆಯ ಪ್ಲೇಯರೊಂದನ್ನು ತಂದೆ. ಮಧ್ಯಾಹ್ನ ಚಹಾ ಕುಡಿದು, ನೆಟ್ಟಗೆ ಕೂತು, ಕೊನೆಯವರೆಗೆ ನೋಡಿದೆ. ಹೊಳೆಯಿರಲಿ, ಒಂದು ಹನಿ ನೀರಿಲ್ಲ. ಯಜಮಾನನ ಮನೆಗೆ ಬೀಗ. ನಾಯಕ ಕುದುರೆಗೆ ಹುಲ್ಲು ಹಾಕಿ, ಬಾಗಿಲ ಮುಂದೆ ಅದರ ಪಕ್ಕದಲ್ಲೇ ಕೂರುತ್ತಾನೆ. ಅಷ್ಟೇ. ಈ ಸಲ ಕಣ್ಣಲ್ಲಿ ನೀರು ನಿಜವಾಗಿಯೇ ಬಂತು. ಕೊನೆ ಹೇಗಿತ್ತೆಂದು ಕೇಳುವವರು ಇರಲಿಲ್ಲ.